ಬನ್ನಂಜೆಗೆ ಎಫ್ ಬಂದದ್ದು

ಗಿಟಾರ್ ಕಲಿಯುವವರು ಇರುವ ಮನೆಯಲ್ಲಿ ನಗುವ ಸಂಗತಿಗಳಿಗೆ ಬರವಿಲ್ಲ. ಕಲಿಯುವವರಿಗೆ ಮಾತ್ರ ಆ ಹೊತ್ತಿಗೆ ನಗು ಬರುವುದಿಲ್ಲ, ಅಷ್ಟೇ. ನಾನೀಗ ಇರುವ ನಾಗಪುರದಲ್ಲಿ, ಮೇಲಿನ ಮನೆಯ ಹುಡುಗಿ ಸಂಜೆಯಾದರೆ ಗಿಟಾರ್ ಹಿಡಿದು ಕೂರುತ್ತಾಳೆ. ಚೆನ್ನಾಗಿ ಸಾಗುತ್ತಿದ್ದ ಹಾಡು ಒಂದು ಜಾಗಕ್ಕೆ ಬಂದ ಕೂಡಲೇ ಚಕ್ರ ಹೊಂಡಕ್ಕೆ ಬಿದ್ದ ಹಾಗೆ ನಿಂತುಬಿಡುತ್ತದೆ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿದಾಗ, ಎಫ್ ಬರುವುದಿಲ್ಲವಾ ಎಂದು ಕೇಳಿದೆ. ಕುಂಡದ ಮಲ್ಲಿಗೆಗೆ ನೀರು ಹಾಕುವ ಮುದುಕಿಗೆ ಇದು ಹೇಗೆ ಗೊತ್ತು ಎಂದು ಅವಳು ಬಾಯಿ ಬಿಟ್ಟು ನಿಂತಳು. ನಾನು ಗಿಟಾರ್ ಕಲಿತವಳಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಉಡುಪಿಯ ಬನ್ನಂಜೆಯ ಒಂದು ಮನೆಯಲ್ಲಿ, ಆ ಎಫ್‌ಗಾಗಿ ದಾರಿ ಕಾದವರಲ್ಲಿ ನಾನೂ ಒಬ್ಬಳು.

೧. ಬಾರದವನ ಹಿಂದೆ

ನನ್ನ ಊರು ಕಾರ್ಕಳ. ಆಗ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಪಕ್ಕದ ಮೇಜಿನಲ್ಲಿ ಶಂಕರಪುರದ ಹುಡುಗಿ. ಮಲ್ಲಿಗೆ ಬೆಳೆಯುವ ಕ್ರಿಶ್ಚಿಯನ್ ಕುಟುಂಬ, ಮನೆಮಾತು ಕೊಂಕಣಿ. ಸಂಜೆ ಕಚೇರಿ ಬಿಡುವಾಗ ಊರಿನ ಬಸ್ಸು ಸಿಗುತ್ತಿರಲಿಲ್ಲವಾದ್ದರಿಂದ ನಾವಿಬ್ಬರೂ ಬನ್ನಂಜೆಯಲ್ಲಿ ಒಬ್ಬ ಅಜ್ಜಿಯ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಜೊತೆ ಒಂದು ಗಿಟಾರ್ ಕೂಡ ಇತ್ತು.

ಆ ಗಿಟಾರ್ ಗೆಳತಿಯ ಅಣ್ಣನದು. ದುಬೈಗೆ ಹೊರಡುವಾಗ ಅವನು ಒಂದು ಶರತ್ತು ಹಾಕಿ ಬಿಟ್ಟುಹೋಗಿದ್ದ. ರಜೆಯಲ್ಲಿ ಬರುವಾಗ, ಅಮ್ಮ ಹೂ ಕಟ್ಟುತ್ತ ಹಾಡುವ ಹಳೆಯ ಕೊಂಕಣಿ ಹಾಡನ್ನು ಎಲ್ಲಿಯೂ ನಿಲ್ಲದೆ ನುಡಿಸಿ ತೋರಿಸಿದರೆ ಗಿಟಾರ್ ತಂಗಿಯದು. ಇಲ್ಲದಿದ್ದರೆ ಪಡುಬಿದ್ರಿಯ ಚಿಕ್ಕಪ್ಪನ ಮಗನಿಗೆ. ಅವನು ಎಷ್ಟೋ ಕಾಲದಿಂದ ಅದರ ಮೇಲೆ ಕಣ್ಣಿಟ್ಟಿದ್ದ.

ಹಾಡಿಗೆ ಮೂರು ಕಾರ್ಡ್ ಸಾಕು. ಎಡಗೈಯ ಬೆರಳುಗಳನ್ನು ತಂತಿಗಳ ಮೇಲೆ ಬೇರೆ ಬೇರೆ ರೀತಿ ಇಟ್ಟು ಒತ್ತಿದರೆ ಬೇರೆ ಬೇರೆ ಕಾರ್ಡ್. ಒಂದೊಂದಕ್ಕೆ ಇಂಗ್ಲಿಷಿನ ಒಂದೊಂದು ಅಕ್ಷರದ ಹೆಸರು. ಸಿ ಬೇಗ ಬಂತು. ಜಿ ಮಳೆಗಾಲ ಮುಗಿಯುವುದರೊಳಗೆ ಬಂತು. ಆಮೇಲೆ ಎಫ್. ಇದಕ್ಕೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಗೆಳತಿ ಒತ್ತಿದರೆ ಅಕ್ಕಿಮುಡಿ ನೆಲಕ್ಕೆ ಬಿದ್ದಂತೆ 'ಬುಡ್' ಎಂಬ ಸದ್ದು. ತಮಾಷೆ ನೋಡಿ, ಟೈಪ್‌ರೈಟರಿನಲ್ಲಿ ಎಡ ತೋರುಬೆರಳು ಕೂರುವ ಜಾಗವೇ ಎಫ್ ಅಕ್ಷರ. ದಿನವಿಡೀ ಎಫ್ ಒತ್ತಿದ ಬೆರಳು ಸಂಜೆ ಎಫ್ ಎಂದರೆ ಸತ್ಯಾಗ್ರಹ ಹೂಡುತ್ತಿತ್ತು. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಅವಳು ಅಲ್ಲೇ ಇದ್ದಳು. ಆದರೂ ಒಂದು ಸಂಜೆಯೂ ಗಿಟಾರನ್ನು ಗೋಡೆಗೆ ಒರಗಿಸಿ ಮಲಗಿದವಳಲ್ಲ. ನಾನಾಗಿದ್ದರೆ ಮೊದಲ ವಾರದಲ್ಲೇ ಪಡುಬಿದ್ರಿಯ ಬಸ್ಸಿಗೆ ಹಾಕುತ್ತಿದ್ದೆ.

ಒಂದು ದಿನ ಅಜ್ಜಿ ನನ್ನನ್ನು ಗುಟ್ಟಾಗಿ ಹಿತ್ತಿಲಿಗೆ ಕರೆದರು. ಕಿವಿ ಸ್ವಲ್ಪ ಮಂದ, ಕೇಳಿಸಿದಷ್ಟನ್ನು ಬಿಡುವವರಲ್ಲ.

"ನಿನ್ನ ಗೆಳತಿ ದಿನಾ ಹೇಳ್ತಾಳೆ, ಸೀ ಬರ್ತದೆ, ಜೀ ಬರ್ತದೆ, ಎಫ್ ಬರುವುದಿಲ್ಲ ಅಂತ. ಆ ಬರುವ ಇಬ್ಬರು ಯಾವಾಗ ಬರ್ತಾರೆ? ನಾನು ಕಂಡದ್ದಿಲ್ಲ."

ನಾನು ನಗು ತಡೆದುಕೊಳ್ಳುವಷ್ಟರಲ್ಲಿ ಅವರು ಮುಂದುವರಿದರು. "ಬರುವವರು ಇಬ್ಬರಿದ್ದಾರೆ. ಬಾರದವನ ಹಿಂದೆ ಇವಳು ಯಾಕೆ ಬಿದ್ದಿದ್ದಾಳೆ?"

ನಾನು ಗಿಟಾರನ್ನೇ ಹಿತ್ತಿಲಿಗೆ ತಂದು, ತಂತಿ ತೋರಿಸಿ, ಬೆರಳು ಮಲಗಿಸಿ, ಎಲ್ಲವನ್ನೂ ವಿವರಿಸಿದೆ. ಅಣ್ಣನ ಶರತ್ತನ್ನೂ ಹೇಳಿದೆ. ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟು ಆಮೇಲೆ ಮಾತಾಡಿಸುವುದು ಅವರ ಮನೆಯ ಕ್ರಮ. ಎಲ್ಲ ಕೇಳಿದ ಮೇಲೆ ಅವರಿಗೆ ಉಳಿದದ್ದು ಒಂದೇ ಸಂಶಯ.

"ಅದೆಲ್ಲ ಸರಿ. ಬಂದರೆ ಒಳಗೆ ಕರೆದು ಬೆಲ್ಲ ನೀರು ಕೊಡಬೇಕಾದ ಜನವಾ, ಗೇಟಿನಲ್ಲೇ ಮಾತಾಡಿಸಿ ಕಳಿಸುವ ಜನವಾ?"

೨. ಹಲಸಿನ ಹಣ್ಣು

ಗಿಟಾರ್ ಕಲಿಸುವ ಮಾಸ್ತರರು ಇದ್ದದ್ದು ಕಾಪುವಿನಲ್ಲಿ. ಭಾನುವಾರ ಬೆಳಿಗ್ಗೆ ಚರ್ಚು ಮುಗಿಸಿ ಗೆಳತಿ ಅಲ್ಲಿಗೆ ಹೋಗುವುದು. ಬೇರೆ ಕೆಲಸವಿಲ್ಲದ ನಾನು ಜೊತೆಗೆ. ಗಿಟಾರಿಗೆ ಪೆಟ್ಟಿಗೆ ಇರಲಿಲ್ಲ. ಅಕ್ಕಿಯ ಗೋಣಿಚೀಲದಲ್ಲಿ ಇಳಿಸಿ, ಮೇಲೆ ಉದ್ದಕ್ಕೆ ಬಂದ ಕುತ್ತಿಗೆಗೆ ಹಳೆಯ ಸೀರೆಯ ತುಂಡು ಸುತ್ತುತ್ತಿದ್ದೆವು.

ಒಮ್ಮೆ ಹಿಂತಿರುಗುವಾಗ ಬಸ್ಸು ತುಂಬಿತ್ತು. ಕಂಡಕ್ಟರ್ ದೂರದಿಂದಲೇ, ಹಲಸಿನ ಹಣ್ಣನ್ನು ಒಳಗೆ ತರುವುದು ಬೇಡ, ಮೇಲೆ ಹಾಕಿ ಎಂದ. ಗೆಳತಿ ಇದು ಹಲಸು ಅಲ್ಲ ಎಂದಳು. ಎಲ್ಲರೂ ಹಾಗೆಯೇ ಹೇಳುವುದು, ಆಮೇಲೆ ಸೀಟಿಗೆ ಮೇಣ ಹತ್ತಿಸಿ ಇಳಿಯುವುದು ಎಂದು ಅವನು. ಕೊನೆಗೆ ಮಡಿಲಲ್ಲೇ ಇಟ್ಟುಕೊಳ್ಳುವ ಒಪ್ಪಂದಕ್ಕೆ ಬಸ್ಸು ಹೊರಟಿತು.

ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಹೊತ್ತು ಗೋಣಿಯನ್ನು ನೋಡಿದರು. ನಮ್ಮ ಕಡೆಯವರಿಗೆ ಹಲಸು ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಎಳೆಯ ಗುಜ್ಜೆಯೋ, ಬಲಿತ ಕಾಯಿಯೋ, ಹಣ್ಣೋ ಎಂದು ತೀರ್ಪು ಕೊಡಲೇಬೇಕು. ಅವರೂ ಬಡಿದರು. ಒಳಗಿನ ಆರು ತಂತಿಗಳು ಒಟ್ಟಿಗೆ 'ಗುಂಯ್' ಎಂದವು. ಅವರು ಕೈ ಹಿಂದೆ ತೆಗೆದುಕೊಂಡರು.

"ಇದು ಹಣ್ಣಾಗಿ ಕಳೆದೇಹೋಗಿದೆ ಮಗಾ. ಒಳಗೆ ನೊಣ ತುಂಬಿ ಉಂಟು. ಇವತ್ತೇ ಕೊಯ್ಯಿ."

ಆ ದಿನ ಮಾಸ್ತರರ ಮನೆಯಲ್ಲಿ ಎಫ್ ಎಂದಿನಂತೆ ಬಂದಿರಲಿಲ್ಲ. ಗೆಳತಿ ಮುಖ ಸಣ್ಣ ಮಾಡಿ ಕೂತಿದ್ದಳು. ಉಡುಪಿಯಲ್ಲಿ ಇಳಿದು ಗೋಣಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ ಹೇಳಿದಳು: "ಹಣ್ಣಾಗಿದೆ ಅಂತ ಹೇಳಿದ್ದು ಅವರೊಬ್ಬರೇ. ಮಾಸ್ತರರು ಇನ್ನೂ ಎಳೆ ಗುಜ್ಜೆ ಅಂತಾರೆ."

೩. ತೊಂಡೆ ಚಪ್ಪರ

ಮಾಸ್ತರರು ಪ್ರಾಯದಲ್ಲಿ ಪ್ರಯಾಣಿಕರ ಹಡಗಿನ ಬ್ಯಾಂಡಿನಲ್ಲಿ ನುಡಿಸಿದವರು. ಸಮುದ್ರದ ಗದ್ದಲವೆಲ್ಲ ಕೇಳಿ ಮುಗಿಯಿತೋ ಏನೋ, ಊರಿಗೆ ಬಂದ ಮೇಲೆ ಮಾತೇ ಕಡಿಮೆ. ಕಲಿಯುವವರನ್ನು ಅವರು ಬೈದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ತಪ್ಪು ಸ್ವರ ಕಿವಿಗೆ ಬಿದ್ದರೆ ಮೆಲ್ಲಗೆ ಏಳುತ್ತಿದ್ದರು. ಬಾವಿಯಿಂದ ಒಂದು ಕೊಡಪಾನ ನೀರು ಸೇದಿ, ಹಿತ್ತಿಲ ತೊಂಡೆ ಬಳ್ಳಿಗೆ ಹಾಕಿ, ಮುಖ ಒರೆಸಿ ಬಂದು ಕೂತು, "ಇನ್ನೊಮ್ಮೆ ಬಾಯೆ" ಎನ್ನುತ್ತಿದ್ದರು. ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ.

ಗೆಳತಿ ಹಾಡಿನಲ್ಲಿ ಎಫ್‌ಗೆ ಬಂದಾಗಲೆಲ್ಲ ರಾಟೆ ಕಿರುಗುಟ್ಟುತ್ತಿತ್ತು. ಅಷ್ಟಾದರೂ ಅವರ ದನಿ ಒಂದು ದಿನವೂ ಏರಲಿಲ್ಲ, ಇವಳು ಒಂದು ಭಾನುವಾರವೂ ತಪ್ಪಿಸಲಿಲ್ಲ. ಇಬ್ಬರಲ್ಲಿ ಯಾರ ತಾಳ್ಮೆ ದೊಡ್ಡದು ಎಂದು ಜಗಲಿಯಲ್ಲಿ ಕೂತ ನನಗೆ ತೀರ್ಮಾನಿಸಲು ಆಗುತ್ತಿರಲಿಲ್ಲ.

ಮಾಸ್ತರರ ಹೆಂಡತಿ ಮಾತ್ರ ಬಹಳ ಖುಷಿಯಲ್ಲಿದ್ದರು. ಅಕ್ಕಪಕ್ಕದವರ ಬಳ್ಳಿ ಬಿಸಿಲಿಗೆ ಬಾಡಿ ನಿಂತಾಗ ಇವರ ಚಪ್ಪರದಲ್ಲಿ ಕಾಯಿ ಜೋತಾಡುತ್ತಿತ್ತು. ನಾವು ಹೊರಡುವಾಗ ಗೆಳತಿಯ ಕೈಗೆ ಒಂದು ಕಟ್ಟು ತೊಂಡೆಕಾಯಿ ಕೊಟ್ಟು, "ನಿನ್ನದೇ ಬೆಳೆ, ತೆಗೆದುಕೊಂಡು ಹೋಗು" ಎನ್ನುತ್ತಿದ್ದರು.

೪. ಅಂಜಲ್ ದಾರ

ಒತ್ತಿ ಒತ್ತಿ ಒಂದು ದಿನ ಗಿಟಾರಿನ ಮೊದಲ ತಂತಿ ತುಂಡಾಯಿತು. ಅದು ನೈಲಾನ್ ತಂತಿಯ ಗಿಟಾರ್. ಉಡುಪಿಯಲ್ಲಿ ಕೇಳಿದ ಅಂಗಡಿಗಳಲ್ಲಿ ವೀಣೆಯ ತಂತಿ ಉಂಟು, ಪಿಟೀಲಿನದ್ದು ಉಂಟು, ಇದು ಇಲ್ಲ. ಮಾಸ್ತರರನ್ನು ಕೇಳಿದರೆ ಪೇಟೆಯ ಕಡೆಗೆ ಬೆರಳು ತೋರಿಸಿ, ತಂಗೂಸು ಎಂದು ಒಂದೇ ಶಬ್ದ ಹೇಳಿದರು. ತಂಗೂಸು ಎಂದರೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ.

ಕಾಪು ಪೇಟೆಯಲ್ಲಿ ಬಲೆ, ಗಾಳ ಮಾರುವ ಒಬ್ಬ ಬ್ಯಾರಿ ಕಾಕನ ಅಂಗಡಿ ಇತ್ತು. ಬ್ಯಾರಿಗಳೆಂದರೆ ನಮ್ಮ ಕರಾವಳಿಯ ಮುಸ್ಲಿಮರು. ತಂಗೂಸು ಬೇಕು ಎಂದಾಗ ಅವರು ನಮ್ಮಿಬ್ಬರ ಸೀರೆ, ವ್ಯಾನಿಟಿ ಬ್ಯಾಗು ನೋಡಿ, ಯಾವ ಮೀನಿಗೆ ಎಂದು ಕೇಳಿದರು. ಗೆಳತಿ ತಡವರಿಸಿದಳು. ಮೀನಿಗಲ್ಲ, ಹಾಡಿಗೆ ಎಂದಳು. ಕಾಕ ಆ ಉತ್ತರವನ್ನು ಒಪ್ಪಲಿಲ್ಲ. ಬಂಗುಡೆಗೆ ಬೇರೆ ದಪ್ಪ, ಅಂಜಲಿಗೆ ಬೇರೆ ದಪ್ಪ. ಮೀನಿನ ಹೆಸರು ಹೇಳದೆ ದಾರ ಕೊಡುವುದು ಹೇಗೆ ತಂಗಿ ಎಂದರು. ಕೊನೆಗೆ ಅವಳು ತುಂಡಾದ ತಂತಿಯನ್ನು ಬ್ಯಾಗಿನಿಂದ ತೆಗೆದುಕೊಟ್ಟಳು. ಅವರು ಅದನ್ನು ಬೆರಳಲ್ಲಿ ಹೊರಳಿಸಿ, ಎಳೆದು, ಹಲ್ಲಿಗೆ ತಾಗಿಸಿ, "ಅಂಜಲ್. ಸಣ್ಣ ಅಂಜಲ್" ಎಂದು ಅಳೆದು ಕೊಟ್ಟರು.

ಆ ದಾರ ಎಷ್ಟು ಚೆನ್ನಾಗಿ ನುಡಿಯಿತೆಂದರೆ ಮಾಸ್ತರರೇ ಎರಡು ಸಲ ಮೀಟಿ ನೋಡಿದರು. ಎಫ್ ಮಾತ್ರ ಅದೇ 'ಬುಡ್'.

ಅಂದಿನಿಂದ ನಾವು ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಕಾಕ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ವಿಚಾರಿಸುತ್ತಿದ್ದರು: "ತಂಗಿ, ಸಿಕ್ಕಿತಾ?"

ಇನ್ನೂ ಇಲ್ಲ ಎಂದು ಇವಳು. ಅವರು ಸಮಾಧಾನ ಹೇಳುವುದು ಹೀಗೆ: "ದಾರದ್ದು ದೋಷ ಅಲ್ಲ. ನೀವು ಸದ್ದು ಮಾಡ್ತೀರಿ, ಅದು ಓಡಿಹೋಗ್ತದೆ."

೫. ತಾಳದ ಕೆಮ್ಮು

ನನ್ನ ಅಕ್ಕನ ಸೀಮಂತಕ್ಕೆ ಗೆಳತಿಯನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗಿದ್ದೆ. ಗಿಟಾರ್ ಕಂಡ ಮೇಲೆ ನಮ್ಮವರು ಬಿಡುತ್ತಾರಾ? ಊಟವಾದ ಮೇಲೆ ಚಾಪೆ ಹಾಸಿ ಕೂರಿಸಿದರು. ಅವಳು ಅಮ್ಮನ ಹಾಡನ್ನೇ ಎತ್ತಿಕೊಂಡಳು. ಸಿ ಬಂತು, ಜಿ ಬಂತು. ಎಫ್ ಬರಬೇಕಾದಲ್ಲಿ ಕೈಯನ್ನು ಬಾಯಿಗೆ ಒಯ್ದು 'ಖೊಕ್' ಎಂದು ಕೆಮ್ಮಿ, ಮತ್ತೆ ಸಿ ಹಿಡಿದಳು. ಹಾಡಿನಲ್ಲಿ ಆ ಜಾಗ ಸಾಲು ಸಾಲಿಗೆ ಬರುತ್ತದೆ. ಸಾಲು ಸಾಲಿಗೆ ಕೆಮ್ಮು.

ಪಾಪದ ಹುಡುಗಿ ಎಂದು ನನ್ನ ಅಮ್ಮ ಶುಂಠಿ ಕಷಾಯ ತಂದರು. ಅತ್ತೆ ಕಾಳುಮೆಣಸು ಕೊಟ್ಟರು. ಭಜನೆ ಹೇಳುವ ನನ್ನ ಮಾವ ಮಾತ್ರ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಕಣ್ಣು ತೆರೆದು, ಎಲ್ಲರ ಮುಂದೆ ಮೆಚ್ಚಿ ನುಡಿದರು: "ಎಂಥ ಲಯ ಮಾರಾಯ್ತಿ. ಕೆಮ್ಮು ಕೂಡ ತಾಳ ತಪ್ಪಲಿಲ್ಲ."

ಹಿಂತಿರುಗುವ ಬಸ್ಸಿನಲ್ಲಿ ಗೆಳತಿ ಅತ್ತುಬಿಟ್ಟಳು. ಕಷಾಯದ ಖಾರಕ್ಕೆ ಎಂದಳು, ನಾನು ನಂಬಲಿಲ್ಲ. ಅಣ್ಣ ಬರುವ ಕಾಲ ಹತ್ತಿರವಾಗಿತ್ತು. ಗಿಟಾರ್ ಹೋದರೆ ಹೋಗಲಿ, ಅಮ್ಮನ ಹಾಡನ್ನು ಕೆಮ್ಮಿ ಮುಗಿಸುವ ಹಾಗಾಯಿತಲ್ಲ ಎಂಬುದು ಅವಳ ಸಂಕಟ. ನಾನು ಸಮಾಧಾನಕ್ಕೆಂದು, ಅಣ್ಣನ ಮುಂದೆಯೂ ಹೀಗೆ ಕೆಮ್ಮಿಬಿಡು ಎಂದೆ. ಅವಳು ಕಣ್ಣೊರೆಸಿಕೊಂಡು ಆ ಮಾತನ್ನು ನಿಜವಾಗಿ ಯೋಚಿಸಿದಳು.

"ಆಗುವುದಿಲ್ಲ. ಸಣ್ಣವಳಿರುವಾಗ ಶಾಲೆಗೆ ಚಕ್ಕರ್ ಹಾಕಲು ನಾನು ಕೆಮ್ಮುತ್ತಿದ್ದದ್ದು ಅವನಿಗೆ ಗೊತ್ತುಂಟು." ಮತ್ತೆ ನನ್ನ ಮುಖ ನೋಡಿದಳು. "ನಿನ್ನ ಕೆಮ್ಮು ಅವನು ಕೇಳಿದ್ದಿಲ್ಲ, ಅಲ್ವಾ?"

೬. ಏಡಿ ಹಿಡಿಯುವ ಕೈ

ಅಣ್ಣ ಹೊರಡುವ ಸುದ್ದಿ ಬಂದ ಭಾನುವಾರ ಗೆಳತಿ ಗಿಟಾರನ್ನು ಗೋಣಿಯಿಂದ ಹೊರಗೆ ತೆಗೆಯಲೇ ಇಲ್ಲ. ಇನ್ನು ನಿಲ್ಲಿಸುತ್ತೇನೆ ಮಾಸ್ತರರೇ, ನಿಮಗೆ ನೀರು ಸೇದಿಸಿದ್ದು ಸಾಕು ಎಂದಳು. ಮಾಸ್ತರರು ಬಾವಿಯ ಕಡೆ ನೋಡಿದರು, ಏಳಲಿಲ್ಲ. ಹಾಡು ಯಾರಿಂದ ಕಲಿತದ್ದು ಎಂದು ಕೇಳಿದರು. ಅಮ್ಮನಿಂದ, ಹೂ ಕಟ್ಟುವಾಗ ಅವರು ಹಾಡುತ್ತಾರೆ ಎಂದಳು. ನೀನೂ ಕಟ್ಟುತ್ತೀಯಾ ಎಂದರು. ಶಂಕರಪುರದವಳಿಗೆ ಇದೆಂಥ ಪ್ರಶ್ನೆ ಎಂಬಂತೆ ಅವಳು ತಲೆಯಾಡಿಸಿದಳು.

ಅವರು ಹೆಂಡತಿಯನ್ನು ಕರೆದು, ದೇವರ ಪೀಠಕ್ಕೆ ತಂದಿಟ್ಟ ಮಲ್ಲಿಗೆ ಮೊಗ್ಗನ್ನೂ ಬಾಳೆನಾರನ್ನೂ ತರಿಸಿದರು. ಕಟ್ಟು ಎಂದರು. ಇವಳು ಕಟ್ಟತೊಡಗಿದಳು. ಹಾಡು ಎಂದರು. ಹಾಡಿದಳು. ನಡುವೆ ಹೆಂಡತಿ ಹಡಗಿನ ಕಾಲದ ಏನೋ ಒಂದು ತಮಾಷೆ ಹೇಳಿದರು. ಇವಳು ನಮ್ಮ ಕಡೆಗೆ ತಿರುಗಿ ನಕ್ಕಳು. ಬೆರಳು ನಿಲ್ಲಲಿಲ್ಲ, ಕಣ್ಣು ಒಮ್ಮೆಯೂ ಕೈಯ ಕಡೆಗೆ ಹೋಗಲಿಲ್ಲ. ಎಡಗೈಯ ತುದಿಯಲ್ಲಿ ಮೊಗ್ಗುಗಳು ತಾವಾಗಿಯೇ ಸಾಲಿಗೆ ಬಂದು ನಿಲ್ಲುತ್ತಿದ್ದವು. ಅವಳ ಜೊತೆ ಒಂದೇ ಕೋಣೆಯಲ್ಲಿ ಇದ್ದು, ಅವಳು ಕಟ್ಟಿದ ಹೂವನ್ನೇ ಮುಡಿದು ಓಡಾಡಿದ ನಾನು ಅಷ್ಟು ಚಂದದ ಕೆಲಸವನ್ನು ಆವರೆಗೆ ಸರಿಯಾಗಿ ನೋಡಿರಲಿಲ್ಲ.

ಮಾಸ್ತರರು ಮಾಲೆ ಕೈಗೆ ತೆಗೆದುಕೊಂಡು ಎತ್ತಿ ಕೊಡವಿದರು. ಒಂದು ಮೊಗ್ಗೂ ಉದುರಲಿಲ್ಲ. ಬೆಳಕಿಗೆ ಹಿಡಿದರು. ಒಂದೂ ಕಂದಿರಲಿಲ್ಲ. ಆಮೇಲೆ, ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಹೇಳಿದರು.

"ಬಾಯೆ, ಮೊಗ್ಗನ್ನು ಬೀಳದ ಹಾಗೆ ಹಿಡೀತೀ, ಆದರೆ ಹಿಚುಕುವುದಿಲ್ಲ. ಗಿಟಾರನ್ನು ಮಾತ್ರ ಏಡಿ ಹಿಡಿದ ಹಾಗೆ ಹಿಡಿದಿದ್ದೀ. ಅದು ಕಚ್ಚುವುದಿಲ್ಲ."

ಅಂದಿನಿಂದ ಬನ್ನಂಜೆಯ ಕೋಣೆಯಲ್ಲಿ ಸಂಜೆ ಮೊದಲು ಹೂ ಕಟ್ಟುವುದು, ಕೈ ಹದಕ್ಕೆ ಬಂದ ಮೇಲೆ ಗಿಟಾರ್. ನಮ್ಮ ಕಚೇರಿಯ ಹೆಂಗಸರೆಲ್ಲ ಆ ದಿನಗಳಲ್ಲಿ ಮದುವೆಗೆ ಹೊರಟವರಂತೆ ಹೂ ಮುಡಿಯುತ್ತಿದ್ದರು. 'ಬುಡ್' ಸದ್ದಿನ ನಡುವೆ ಒಮ್ಮೊಮ್ಮೆ ಬೇರೆ ಏನೋ ಒಂದು ಮಿನುಗಿ ಹೋಗುತ್ತಿತ್ತು. ಬಂದರೂ ನಂಬುವ ಹಾಗಿರಲಿಲ್ಲ. ನೆಂಟರ ಮನೆಯ ಬೆಕ್ಕಿನಂತೆ ಕರೆದಾಗ ಬಾರದೆ, ಕರೆಯದಾಗ ಬರುತ್ತಿತ್ತು. ಆದರೂ ಏನೋ ಬದಲಾಗಿದೆ ಎಂಬುದು ಮೊದಲು ಗೊತ್ತಾದದ್ದು ಮಾಸ್ತರರ ಹೆಂಡತಿಗೆ. ನಾವು ಹೋದಾಗ ಅವರು ಬರಿಗೈಯಲ್ಲಿ ಬಾಗಿಲಿಗೆ ಬಂದರು.

"ಇವರು ಈಗ ಕೂತಲ್ಲಿಂದ ಏಳುವುದೇ ಇಲ್ಲ. ನನ್ನ ತೊಂಡೆ ಒಣಗಿತು."

೭. ಬೆಲ್ಲ ನೀರು

ಅಣ್ಣ ಬೊಂಬಾಯಿಯ ಬಸ್ಸಿನಿಂದ ಉಡುಪಿಯಲ್ಲಿ ಇಳಿದವನು ಊರಿಗೆ ಹೋಗುವ ಮೊದಲು ನೇರ ಬನ್ನಂಜೆಗೆ ಬಂದ. ಅವನನ್ನು ಕರೆದುಕೊಂಡು ಬಂದದ್ದು ಪಡುಬಿದ್ರಿಯ ಚಿಕ್ಕಪ್ಪನ ಮಗ. ಅವನ ಕಂಕುಳಲ್ಲಿ ಒಂದು ಹೊಸ ಚೀಲ. ದಪ್ಪ ನೀಲಿ ಬಟ್ಟೆ, ಒಳಗೆ ಹತ್ತಿ, ಉದ್ದಕ್ಕೂ ಜಿಪ್ಪು. ಗಿಟಾರಿನ ಆಕಾರಕ್ಕೆ ಸರಿಯಾಗಿ ಹೊಲಿಸಿದ್ದು. ಅಷ್ಟು ಖಚಿತ ಅವನಿಗೆ.

ಅಣ್ಣ ಕೈಕಾಲು ತೊಳೆದು ಜಗಲಿಯಲ್ಲಿ ಕೂತ. ದುಬೈಯ ಮಾತು ಎರಡು ಆಯಿತು. ಆಮೇಲೆ ಅವನೇ, ಎಲ್ಲಿ ಬಾಯೆ, ಹಾಡು ಎಂದ. ಗೆಳತಿ ಗಿಟಾರ್ ತಂದು ಕೂತಳು. ಅಜ್ಜಿ ಹೊಸ್ತಿಲಲ್ಲಿ ಕಂಬಕ್ಕೆ ಒರಗಿ ನಿಂತರು. ನಾನು ಬಾಗಿಲ ಪಕ್ಕದಲ್ಲಿ, ಗಂಟಲು ಸರಿಮಾಡಿಕೊಂಡು ತಯಾರಾಗಿ ನಿಂತೆ. ಎಫ್ ಬಾರದಿದ್ದರೆ ಕೆಮ್ಮುವ ಕೆಲಸ ನನ್ನದು ಎಂದು ಬೆಳಿಗ್ಗೆಯೇ ಮಾತಾಗಿತ್ತು.

ಸಿ ಬಂತು. ಜಿ ಬಂತು. ಚಿಕ್ಕಪ್ಪನ ಮಗ ಚೀಲದ ಜಿಪ್ಪು ಎಳೆದ. ಗೆಳತಿ ತಲೆ ಎತ್ತಿ ಅಣ್ಣನ ಮುಖ ನೋಡುತ್ತ ಹಾಡುತ್ತಿದ್ದಳು, ಕೈಯನ್ನು ನೋಡುತ್ತಿರಲಿಲ್ಲ. ನಾನು ಉಸಿರು ಎಳೆದುಕೊಂಡೆ. ಅವಳ ತೋರುಬೆರಳು ಮೊಗ್ಗುಗಳ ಸಾಲಿನ ಮೇಲೆ ಮಲಗಿದಷ್ಟು ಹಗುರಾಗಿ ತಂತಿಗಳ ಮೇಲೆ ಮಲಗಿತು, ಮತ್ತು ಎಫ್ ಬಂತು. ಆರೂ ತಂತಿ, ಅಂಜಲ್ ದಾರವೂ ಸೇರಿ, ಒಂದೇ ಬಾಯಲ್ಲಿ ನುಡಿದವು. ಮುಂದಿನ ಸಾಲಿನಲ್ಲಿ ಮತ್ತೆ ಬಂತು. ಅದರ ಮುಂದಿನದರಲ್ಲೂ ಬಂತು. ಎಷ್ಟು ಸಂಜೆ ಆ ಜಾಗದಲ್ಲಿ ಮುಗ್ಗರಿಸಿದ್ದನ್ನು ಕಂಡವಳಿಗೆ ಅದು ಹೇಗೆ ಕೇಳಿತು ಎಂದು ಈಗಲೂ ಬರೆಯಲು ಬರುವುದಿಲ್ಲ. ಎಳೆದುಕೊಂಡ ಉಸಿರನ್ನು ಬಿಡಲು ನಾನು ಮರೆತೇಬಿಟ್ಟಿದ್ದೆ.

ಹಾಡು ಮುಗಿಯಿತು. ಅಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟಿದ ಹಾಗಾಯಿತು ಎಂದು ಅಣ್ಣ ಮೆಲ್ಲಗೆ ಹೇಳಿದ. ಆಮೇಲೆ ಚಿಕ್ಕಪ್ಪನ ಮಗನ ಕಡೆಗೆ ಕೈ ಚಾಚಿ, ಆ ಚೀಲ ಕೊಡು, ಗಿಟಾರಿಗೆ ಸರಿಯಾಗ್ತದಾ ನೋಡುವ ಎಂದ. ಆ ಹುಡುಗ ಒಳ್ಳೆಯವನು. ಒಂದು ಕ್ಷಣ ಚೀಲವನ್ನು ಅಪ್ಪಿ ಹಿಡಿದವನು, ಆಮೇಲೆ ತಾನೇ ಎದ್ದು ಬಂದು ಗೆಳತಿಯ ಮಡಿಲಲ್ಲಿ ಇಟ್ಟ.

ಅಷ್ಟು ಹೊತ್ತು ನಾನು ತಡೆಹಿಡಿದಿದ್ದ ಕೆಮ್ಮು ಈಗ ನಿಜವಾಗಿಯೇ ಬಂತು. ನಿಲ್ಲುವ ಲಕ್ಷಣವೇ ಇಲ್ಲ. ಅಜ್ಜಿ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ನೀರು ತಂದರು. ನಾನು ಕೈ ಚಾಚಿದೆ. ಅವರು ನನ್ನ ಕೈಯನ್ನು ಸರಿಸಿ, "ನಿನಗಲ್ಲ" ಎಂದರು. ಹಾಗಾದರೆ ದೂರದಿಂದ ಬಂದ ತನಗೇ ಎಂದು ಅಣ್ಣ ನಗುತ್ತ ಕೈ ಒಡ್ಡಿದ.

"ನಿನಗೂ ಅಲ್ಲ ಮಾರಾಯ. ನೀನು ದುಬೈಯಿಂದ ಬಂದವನು, ಬೇಗ ಬಂದೆ. ಈ ಕೋಣೆಯಿಂದ ಜಗಲಿಗೆ ಬರಲು ಇವರಿಗೆ ಎಷ್ಟು ಮಳೆಗಾಲ ಹಿಡಿಯಿತು, ಗೊತ್ತುಂಟಾ?"

ಹೀಗೆ ಹೇಳಿ ಬೆಲ್ಲವನ್ನೂ ನೀರನ್ನೂ ಗಿಟಾರಿನ ಮುಂದೆ ಇಟ್ಟು, ಬಂದ ನೆಂಟರಿಗೆ ತಲೆಬಾಗುವಂತೆ ಸ್ವಲ್ಪ ಬಾಗಿದರು. ಆಮೇಲೆ ಗೆಳತಿಯ ಕಿವಿಯ ಹತ್ತಿರ ಬಗ್ಗಿ ಬುದ್ಧಿಮಾತು ಹೇಳಿದರು. ಕಿವಿ ಮಂದ ಇದ್ದವರ ಗುಟ್ಟು; ಬೀದಿಯವರೆಗೂ ಕೇಳಿಸಿತು.

"ಎಫ್ ಬಂದಾಯಿತಲ್ಲ ಮಗಾ. ಇನ್ನು ಆ ಸೀ, ಜೀ ಇಬ್ಬರಿಗೆ ಬರುವುದು ಬೇಡ ಅಂತ ಹೇಳಿಬಿಡು."